ಸಿನಿಮಾ ಫೋನಿನಲ್ಲಿ, ಕೀಲಿಕೈ ದೂರದ ಸರ್ವರ್‌ನಲ್ಲಿ: ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಮಲೆನಾಡಿನಿಂದ ಒಂದು ಬಹಿರಂಗ ಪತ್ರ

ಮುಖ್ಯ ಆಯುಕ್ತರಿಗೆ,
ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ,
ನವದೆಹಲಿ.

ವಿಷಯ: ಸಿನಿಮಾ, ಪುಸ್ತಕ, ಟಿವಿ ರೆಕಾರ್ಡಿಂಗ್‌ಗಳಿಗೆ ಹಾಕಿರುವ ಡಿಜಿಟಲ್ ಬೀಗದಿಂದ ದುಡ್ಡು ಕೊಟ್ಟವರಿಗೇ ಆಗುತ್ತಿರುವ ತೊಂದರೆ.

ಮಾನ್ಯರೇ,

ಸಂವಿಧಾನದ 350ನೇ ವಿಧಿಯನ್ನು ನೆಚ್ಚಿಕೊಂಡು ಈ ಅಹವಾಲನ್ನು ಕನ್ನಡದಲ್ಲೇ ಬರೆದಿದ್ದೇವೆ. ಓದಲು ಕಷ್ಟವಾದರೆ ದಯವಿಟ್ಟು ಅನುವಾದ ಮಾಡಿಸಿಕೊಳ್ಳಿ. ಇಲ್ಲಿಯ ಗ್ರಾಹಕರು ಇಂಗ್ಲಿಷಿನಲ್ಲಿರುವ ಹತ್ತಾರು ಪುಟಗಳ ಕರಾರಿಗೆ ಓದದೆಯೇ ‘ಒಪ್ಪಿದೆ’ ಒತ್ತುತ್ತಿದ್ದಾರೆ, ಅವರಿಗೆ ಅನುವಾದ ಮಾಡಿಕೊಡುವವರು ಯಾರೂ ಇಲ್ಲ.

ಶಿವಮೊಗ್ಗ ಜಿಲ್ಲೆಯಲ್ಲಿ ಮೊಬೈಲ್ ರಿಪೇರಿ, ಡಿಟಿಎಚ್ ಅಳವಡಿಕೆ, ಟಿವಿ ಸರ್ವಿಸ್ ಮಾಡುವವರು ನಾವು. ಈ ಡಿಜಿಟಲ್ ಬೀಗಕ್ಕೆ ಡಿಆರ್‌ಎಂ ಎಂದು ಹೆಸರು. ಆ ಹೆಸರು ಕೇಳಿರದವರೂ ಅದರ ಫಲ ಹಿಡಿದುಕೊಂಡು ನಮ್ಮ ಕೌಂಟರಿಗೆ ಬರುತ್ತಾರೆ. ‘ಡೌನ್‌ಲೋಡ್ ಮಾಡಿದ ಸಿನಿಮಾ ಓಡ್ತಿಲ್ಲ’, ‘ಎಚ್‌ಡಿ ಪ್ಯಾಕ್ ಹಾಕ್ಸಿದ್ರೂ ಮಸುಕು ಬರ್ತದೆ’, ‘ಬಾಕ್ಸ್ ಬದಲಿಸಿದ ಮೇಲೆ ಹಳೇ ರೆಕಾರ್ಡಿಂಗ್ ಹೋಯ್ತು’ ಎನ್ನುತ್ತಾರೆ. ಕೆಟ್ಟಿರುವುದು ಫೋನೂ ಅಲ್ಲ, ಟಿವಿಯೂ ಅಲ್ಲ. ಬೀಗ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ.

ಆ್ಯಪ್‌ನಲ್ಲಿ ಸಿನಿಮಾ ಇಳಿಸಿಕೊಂಡಾಗ ಫೋನಿಗೆ ಬರುವುದು ಎರಡು ವಸ್ತು. ಒಂದು, ಗೂಢಲಿಪಿಗೆ ಹಾಕಿದ ವಿಡಿಯೊ ಕಡತ. ಎರಡು ಗಂಟೆಯ ಸಿನಿಮಾ ಸಾಧಾರಣ ಗುಣಮಟ್ಟದಲ್ಲಿ ಒಂದು ಜಿಬಿಯ ಆಸುಪಾಸು. ಇನ್ನೊಂದು, ಅದನ್ನು ತೆರೆಯುವ ಲೈಸೆನ್ಸ್. ಇದರ ತೂಕ ಕೆಲವೇ ಕೆಬಿ. ಆಂಡ್ರಾಯ್ಡ್ ಫೋನುಗಳಲ್ಲಿ ಈ ಲೈಸೆನ್ಸನ್ನು ನೋಡಿಕೊಳ್ಳುವುದು ಗೂಗಲ್‌ನ ವೈಡ್‌ವೈನ್, ಆಪಲ್‌ನಲ್ಲಿ ಫೇರ್‌ಪ್ಲೇ, ವಿಂಡೋಸ್‌ನಲ್ಲಿ ಹೆಚ್ಚಾಗಿ ಪ್ಲೇರೆಡಿ. ಲೈಸೆನ್ಸಿನ ಒಳಗೆ ಕೀಲಿಕೈ ಇರುತ್ತದೆ, ಅದರ ಜೊತೆಗೆ ಗಡುವೂ ಇರುತ್ತದೆ.

ಗಡುವಿನಲ್ಲಿ ಎರಡು ಗಡಿಯಾರ. ಇಳಿಸಿದ ಕ್ಷಣದಿಂದ ಓಡುವುದು ಒಂದು, ‘ಪ್ಲೇ’ ಒತ್ತಿದ ಕ್ಷಣದಿಂದ ಓಡುವುದು ಇನ್ನೊಂದು. ಬಾಡಿಗೆ ಸಿನಿಮಾಗಳಲ್ಲಿ ವಾಡಿಕೆಯ ಲೆಕ್ಕ 30 ದಿನ ಮತ್ತು 48 ಗಂಟೆ. ಚಂದಾ ಕಟ್ಟಿ ನೋಡುವ ಸೇವೆಗಳಲ್ಲೂ ಕೆಲವು ಶೀರ್ಷಿಕೆಗಳಿಗೆ ಇಂಥದೇ 48 ಗಂಟೆಯ ಮಿತಿ ಇದೆ. ಗಡುವು ಮುಗಿದರೆ ಕಡತ ಅಳಿಸಿ ಹೋಗಬೇಕೆಂದೇನಿಲ್ಲ. ಎಷ್ಟೋ ಸಲ ಅದು ಅಲ್ಲೇ ಜಾಗ ತಿನ್ನುತ್ತ ಕೂತಿರುತ್ತದೆ, ತೆರೆಯುವುದಿಲ್ಲ ಅಷ್ಟೆ.

ಇದನ್ನು ನಮ್ಮ ಪಂಚಾಂಗಕ್ಕೆ ಹೊಂದಿಸಿ ನೋಡಿ. ಒಂದು ಮಳೆ ನಕ್ಷತ್ರಕ್ಕೆ ಹದಿಮೂರು–ಹದಿನಾಲ್ಕು ದಿನ. ಆರಿದ್ರಾ ಹುಟ್ಟಿದ ದಿನ ತೀರ್ಥಹಳ್ಳಿ ಪೇಟೆಯಲ್ಲಿ ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡ ಸಿನಿಮಾ, ಪುನರ್ವಸು ಮುಗಿದು ಪುಷ್ಯ ಕಾಲಿಟ್ಟ ಎರಡು–ಮೂರು ದಿನಕ್ಕೆ ಸತ್ತಿರುತ್ತದೆ. ಮಲೆನಾಡಿನ ಒಳಊರುಗಳಲ್ಲಿ ಕರೆಂಟು ಹೋಗುವುದು, ಟವರಿನ ಬ್ಯಾಟರಿ ಇಳಿಯುವುದು, ಮರ ಬಿದ್ದು ಕೇಬಲ್ ತುಂಡಾಗುವುದು ಎಲ್ಲವೂ ಆ ದಿನಗಳಲ್ಲೇ. ಹೊರಗೆ ಕಾಲಿಡಲಾಗದೆ ಮನೆಯೊಳಗೆ ಕೂತು ಸಿನಿಮಾ ನೋಡುವ ದಿನಗಳೂ ಅವೇ. ಒಂದು ಜಿಬಿ ಕಡತ ಜೇಬಿನಲ್ಲೇ ಇದೆ, ಬೇಕಾಗಿರುವುದು ಕೆಲವು ಕೆಬಿ. ಅದಕ್ಕಾಗಿ ಕೊಡೆ ಹಿಡಿದು ಗುಡ್ಡ ಹತ್ತಬೇಕು.

ಗುಡ್ಡ ಹತ್ತಿದರೂ ಕೆಲಸ ಆಗದಿರುವುದಕ್ಕೆ ಕಾರಣವಿದೆ. ಲೈಸೆನ್ಸ್ ಚಿಕ್ಕದಾದರೂ ಅದನ್ನು ಕೇಳುವ ಮೊದಲು ಆ್ಯಪ್ ಲಾಗಿನ್ ಊರ್ಜಿತವಾಗಿದೆಯೇ, ಚಂದಾ ಮುಗಿದಿದೆಯೇ, ಎಷ್ಟು ಸಾಧನ ಬಳಕೆಯಲ್ಲಿದೆ ಎಂದೆಲ್ಲ ಸರ್ವರ್‌ಗಳಿಗೆ ಒಂದರ ಹಿಂದೊಂದು ಕೇಳುತ್ತದೆ. ಒಂದು ಗೆರೆಯ ಸಿಗ್ನಲ್‌ನಲ್ಲಿ ಪ್ರತಿ ಪ್ರಶ್ನೆಗೂ ಉತ್ತರ ತಡವಾಗಿ ಬರುತ್ತದೆ. ಎಲ್ಲೋ ಒಂದು ಕಡೆ ಸಮಯ ಮೀರಿ ಕಡಿದರೆ ಮತ್ತೆ ಮೊದಲಿನಿಂದ. ಪರದೆ ಮೇಲೆ ಬರುವುದು ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂಬ ಒಂದು ಸಾಲು ಮತ್ತು ಯಾರಿಗೂ ಅರ್ಥವಾಗದ ಒಂದು ಅಂಕಿ.

ಇದಕ್ಕಿಂತ ಕಿರಿಕಿರಿಯದು ದಿನಾಂಕದ ಸಮಸ್ಯೆ. ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸ್‌ಗಳಲ್ಲಿ ಗಡಿಯಾರಕ್ಕೆ ಪ್ರತ್ಯೇಕ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋಗಿ ಬಂದರೆ ತಾರೀಖು 1970ಕ್ಕೋ ಕಾರ್ಖಾನೆಯಲ್ಲಿ ತುಂಬಿದ ಇಸವಿಗೋ ಹಿಂದೆ ಸರಿಯುತ್ತದೆ. ಆಗ ಸರ್ವರ್‌ನ ಭದ್ರತಾ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಬಾಕ್ಸ್ ಭಾವಿಸುತ್ತದೆ, ಲೈಸೆನ್ಸ್ ಕೇಳುವ ಹಂತಕ್ಕೇ ಹೋಗುವುದಿಲ್ಲ. ಜನ ರೂಟರ್ ಬದಲಿಸುತ್ತಾರೆ, ಫ್ಯಾಕ್ಟರಿ ರಿಸೆಟ್ ಮಾಡುತ್ತಾರೆ. ರಿಸೆಟ್ ಮಾಡಿದರೆ ಇದ್ದಬದ್ದ ಡೌನ್‌ಲೋಡೂ ಹೋಯಿತು. ಮಾಡಬೇಕಾದ್ದು ಇಷ್ಟೇ: ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯಕ್ಕೆ ಹೋಗಿ, ‘ನೆಟ್‌ವರ್ಕ್‌ನಿಂದ ತಾನಾಗಿ ತೆಗೆದುಕೊ’ ಎಂಬುದನ್ನು ಆರಿಸಿ ಒಮ್ಮೆ ಮುಚ್ಚಿ ಮತ್ತೆ ಚಾಲೂ ಮಾಡುವುದು, ತಾರೀಖು ಸರಿಯಾದ ಮೇಲೆ ಆ್ಯಪ್ ತೆರೆಯುವುದು. ‘ನಿಮ್ಮ ತಾರೀಖು ತಪ್ಪಿದೆ’ ಎಂದು ಪರದೆ ಮೇಲೆ ಒಂದು ಸಾಲು ತೋರಿಸಿದ್ದರೆ ಯಾರೂ ಐವತ್ತು ಕಿಲೋಮೀಟರ್ ಬಸ್ಸು ಹತ್ತಿ ಬಾಕ್ಸ್ ತರುತ್ತಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಬಂದವರಿಗೆ ನಾವು ಹೇಳಿಕೊಡುವ ಕ್ರಮ ಇದು. ಮೊದಲು ಆ್ಯಪ್ ಅಪ್‌ಡೇಟ್ ಮಾಡಿ, ಆಮೇಲೆ ಇಳಿಸಿಕೊಳ್ಳಿ. ಕೆಲವು ಅಪ್‌ಡೇಟ್‌ಗಳ ನಂತರ ಹಳೆಯ ಡೌನ್‌ಲೋಡ್ ಮತ್ತೆ ಲೈಸೆನ್ಸ್ ಕೇಳುತ್ತದೆ. ಲಾಗ್‌ಔಟ್ ಮಾಡಬೇಡಿ, ‘ಕ್ಲಿಯರ್ ಡೇಟಾ’ ಒತ್ತಬೇಡಿ, ಎರಡರಲ್ಲೂ ಕೀಲಿಕೈ ಹೋಗುತ್ತದೆ. ಮೆಮೊರಿ ಕಾರ್ಡ್ ತೆಗೆದು ಮನೆಯವರ ಇನ್ನೊಂದು ಫೋನಿಗೆ ಹಾಕಿದರೆ ಕಡತ ಕಾಣಬಹುದು, ಓಡುವುದಿಲ್ಲ. ನೋಡಿ ಮುಗಿಸುವವರೆಗೆ ಸಮಯವಿಲ್ಲದಿದ್ದರೆ ‘ಹೇಗಿದೆ ನೋಡೋಣ’ ಎಂದು ಎರಡು ನಿಮಿಷ ಪ್ಲೇ ಮಾಡಬೇಡಿ, 48 ಗಂಟೆಯ ಗಡಿಯಾರ ಆಗಲೇ ಶುರುವಾಗಿಬಿಡುತ್ತದೆ. ದುಡ್ಡು ಕೊಟ್ಟವನಿಗೆ ಇಷ್ಟೊಂದು ಮಡಿ–ಮೈಲಿಗೆ. ಕದ್ದ ಪ್ರತಿ ಇಟ್ಟುಕೊಂಡವನಿಗೆ ಇದರಲ್ಲಿ ಒಂದೂ ಇಲ್ಲ.

ಇನ್ನು ಮಸುಕಿನ ವಿಷಯ. ವೈಡ್‌ವೈನ್‌ನಲ್ಲಿ ಭದ್ರತೆಯ ದರ್ಜೆಗಳಿವೆ. ಎಲ್-1 ಎಂದರೆ ಬೀಗ ತೆರೆಯುವ ಕೆಲಸ ಪ್ರೊಸೆಸರಿನ ಒಳಗಿನ ಸುರಕ್ಷಿತ ಭಾಗದಲ್ಲೇ ಆಗುತ್ತದೆ. ಎಲ್-3 ಎಂದರೆ ಬರೀ ಸಾಫ್ಟ್‌ವೇರಿನಲ್ಲಿ. ಎಲ್-3 ಫೋನಿಗೆ ಬಹುತೇಕ ದೊಡ್ಡ ಸೇವೆಗಳು 480ಪಿಗಿಂತ (ಇದು ಎಚ್‌ಡಿಗಿಂತ ಕೆಳಗಿನ ಗುಣಮಟ್ಟ) ಹೆಚ್ಚಿನ ಚಿತ್ರ ಕಳಿಸುವುದಿಲ್ಲ, ನೀವು ಎಷ್ಟೇ ದೊಡ್ಡ ಪ್ಯಾಕ್ ಹಾಕಿಸಿಕೊಂಡಿರಿ. ಒಳ್ಳೆಯ ಪರದೆಯ ಫೋನುಗಳೇ ಎಲ್-1 ಇಲ್ಲದೆ ಮಾರಾಟವಾದ ಉದಾಹರಣೆ ಇದೆ. 2018ರಲ್ಲಿ ಬಂದ ಒಂದು ಜನಪ್ರಿಯ ಮಾದರಿಗೆ ಮರುವರ್ಷದ ಅಪ್‌ಡೇಟ್‌ವರೆಗೆ ಅದು ಸಿಕ್ಕಿರಲಿಲ್ಲ. ಬೂಟ್‌ಲೋಡರ್ (ಫೋನನ್ನು ಚಾಲೂ ಮಾಡುವ ಮೂಲ ಸಾಫ್ಟ್‌ವೇರ್) ತೆರೆದರೆ ಅಥವಾ ಬೋರ್ಡ್ ಬದಲಿಸಿದರೆ ಕೆಲವು ಮಾದರಿಗಳಲ್ಲಿ ಎಲ್-1 ಇದ್ದದ್ದು ಎಲ್-3 ಆಗುತ್ತದೆ. ಸಿಡಿಲಿಗೋ ನೀರಿಗೋ ಬೋರ್ಡ್ ಹೋದ ಫೋನನ್ನು ನ್ಯಾಯವಾಗಿ ರಿಪೇರಿ ಮಾಡಿಕೊಟ್ಟರೂ ಗ್ರಾಹಕ ಎಚ್‌ಡಿ ಕಳೆದುಕೊಳ್ಳಬಹುದು, ಬೈಗುಳ ಮಾತ್ರ ನಮಗೆ. ಫೋನಿನ ಡಬ್ಬದ ಮೇಲೆ ಕ್ಯಾಮೆರಾದ ಮೆಗಾಪಿಕ್ಸೆಲ್ ದೊಡ್ಡ ಅಕ್ಷರದಲ್ಲಿರುತ್ತದೆ, ಈ ಎರಡಕ್ಷರ ಎಲ್ಲೂ ಇರುವುದಿಲ್ಲ. ನೋಡಬೇಕೆಂದರೆ ಡಿಆರ್‌ಎಂ ಮಾಹಿತಿ ತೋರಿಸುವ ಸಣ್ಣ ಆ್ಯಪ್ ಹಾಕಿಕೊಂಡು ವೈಡ್‌ವೈನ್ ವಿಭಾಗದಲ್ಲಿ ‘ಸೆಕ್ಯುರಿಟಿ ಲೆವೆಲ್’ ಓದಬೇಕು. ಅಂಗಡಿಯಲ್ಲೇ, ದುಡ್ಡು ಕೊಡುವ ಮೊದಲೇ ನೋಡುವುದು ಒಳ್ಳೆಯದು.

ಹಳೆಯ ಟಿವಿ ಇಟ್ಟುಕೊಂಡವರ ಪಾಡು ಬೇರೆ. ಎಚ್‌ಡಿಎಂಐ ತಂತಿಯಲ್ಲಿ ಎಚ್‌ಡಿಸಿಪಿ ಎಂಬ ಇನ್ನೊಂದು ಬೀಗವಿದೆ. ಎರಡೂ ತುದಿಯ ಯಂತ್ರಗಳು ಪರಸ್ಪರ ಗುರುತು ಹೇಳಿಕೊಂಡರೆ ಮಾತ್ರ ಚಿತ್ರ ಹರಿಯುತ್ತದೆ. ಕೆಂಪು–ಬಿಳಿ–ಹಳದಿ ಪಿನ್ನಿನ ಟಿವಿಗೆ ಪರಿವರ್ತಕ ಹಾಕಿದಾಗ ಧ್ವನಿ ಬಂದು ಚಿತ್ರ ಬರದಿದ್ದರೆ, ಯೂಟ್ಯೂಬಿನ ಮಾಮೂಲಿ ವಿಡಿಯೊ ಓಡಿ ಒಟಿಟಿ ಸಿನಿಮಾಕ್ಕೆ ಪರದೆ ಕಪ್ಪಾದರೆ, ಪರಿವರ್ತಕ ಕೆಟ್ಟಿಲ್ಲ, ಅದಕ್ಕೆ ಗುರುತು ಹೇಳಲು ಬರುವುದಿಲ್ಲ. ತಮಾಷೆ ಎಂದರೆ ಈ ಎಚ್‌ಡಿಸಿಪಿಯ ಮೂಲ ಕೀಲಿ 2010ರಲ್ಲೇ ಬಯಲಾಯಿತು, ಅದನ್ನು ರೂಪಿಸಿದ ಇಂಟೆಲ್ ಕಂಪನಿಯೇ ಒಪ್ಪಿಕೊಂಡಿತು. ಡಿವಿಡಿಯ ಬೀಗ ಮುರಿದದ್ದು ಅದಕ್ಕೂ ಮುಂಚೆ, 1999ರಲ್ಲಿ. ಕಳ್ಳನಿಗೆ ಬಾಗಿಲು ತೆರೆದು ವರ್ಷಗಳೇ ಆದವು, ಮನೆಯವರು ಮಾತ್ರ ಇನ್ನೂ ಹೊರಗೆ ನಿಂತಿದ್ದಾರೆ.

ಡಿಟಿಎಚ್ ಕಡೆ ಬನ್ನಿ. ಇಲ್ಲಿಯ ಬೀಗಕ್ಕೆ ಹೆಸರು ಬೇರೆ, ಸ್ವಭಾವ ಅದೇ. ನಿಮ್ಮ ಚಂದಾ ಚಾಲ್ತಿಯಲ್ಲಿದೆ ಎಂಬ ಸಂದೇಶ ಉಪಗ್ರಹದಿಂದಲೇ ಬಾಕ್ಸಿಗೆ ಇಳಿಯಬೇಕು. ಮಳೆಗೆ ಸಿಗ್ನಲ್ ಹೋಗಿದ್ದಾಗ, ಕರೆಂಟಿಲ್ಲದೆ ಬಾಕ್ಸ್ ವಾರಗಟ್ಟಲೆ ಮಲಗಿದ್ದಾಗ ಆ ಸಂದೇಶ ತಪ್ಪುತ್ತದೆ. ಆಮೇಲೆ ರೀಚಾರ್ಜ್ ಇದ್ದರೂ ‘ಈ ಚಾನೆಲ್‌ಗೆ ನೀವು ಚಂದಾದಾರರಲ್ಲ’ ಎಂದು ಬರುತ್ತದೆ. ಬಾಕ್ಸನ್ನು ಅದೇ ಚಾನೆಲ್‌ನಲ್ಲಿ ಅರ್ಧ ಗಂಟೆ ಚಾಲೂ ಇಟ್ಟು, ನೋಂದಾಯಿತ ಮೊಬೈಲಿನಿಂದ ರಿಫ್ರೆಶ್ ಕೋರಿಕೆ ಕಳಿಸಿದರೆ ಹೆಚ್ಚಿನವು ಸರಿಹೋಗುತ್ತವೆ.

ಸರಿಹೋಗದಿರುವುದು ರೆಕಾರ್ಡಿಂಗ್. ಬಾಕ್ಸಿಗೆ ಹಾರ್ಡ್‌ಡಿಸ್ಕ್ ಚುಚ್ಚಿ ರೆಕಾರ್ಡ್ ಮಾಡುವ ಸೌಲಭ್ಯವನ್ನು ಕಂಪನಿಗಳೇ ಮಾರುತ್ತವೆ. ಇಲ್ಲಿ ಜನ ಧಾರಾವಾಹಿ ಅಷ್ಟಾಗಿ ಹಿಡಿದಿಡುವುದಿಲ್ಲ. ಹಿಡಿದಿಡುವುದು ಯಕ್ಷಗಾನ, ತಾಳಮದ್ದಳೆ, ತೀರಿಹೋದ ಕಲಾವಿದರ ಹಳೆಯ ಸಂದರ್ಶನ. ಆ ರೆಕಾರ್ಡಿಂಗ್ ಸಾಮಾನ್ಯವಾಗಿ ಆ ಒಂದೇ ಬಾಕ್ಸಿನ ಚಿಪ್ಪಿಗೆ ಕಟ್ಟಿದ ಗೂಢಲಿಪಿಯಲ್ಲಿರುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಡಿಶ್ಶಿನ ಕೇಬಲ್ ಹಿಡಿದು ಸಿಡಿಲು ಇಳಿದು ಬಾಕ್ಸ್ ಸುಟ್ಟಿತು ಎನ್ನಿ. ಹಾರ್ಡ್‌ಡಿಸ್ಕ್ ಉಳಿದಿರುತ್ತದೆ. ಕಂಪನಿ ಹೊಸ ಬಾಕ್ಸ್ ಕೊಡುತ್ತದೆ, ಗ್ರಾಹಕ ಸಂಖ್ಯೆಯೂ ಅದೇ, ಚಂದಾವೂ ಅದೇ. ಡಿಸ್ಕ್ ಚುಚ್ಚಿದರೆ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳುತ್ತದೆ. ಹೌದು ಎಂದರೆ ಎಲ್ಲ ಮುಗಿಯಿತು. ಕಂಪ್ಯೂಟರಿಗೆ ಹಾಕಿದರೆ ಅರ್ಥವಿಲ್ಲದ ಕಡತಗಳ ರಾಶಿ. ಕೀಲಿಯನ್ನು ಬಾಕ್ಸಿಗೆ ಬದಲು ಗ್ರಾಹಕ ಸಂಖ್ಯೆಗೆ ಕಟ್ಟುವುದು ತಾಂತ್ರಿಕವಾಗಿ ಅಸಾಧ್ಯವೇನಲ್ಲ, ಹೊಸ ಬಾಕ್ಸ್ ಚಾಲೂ ಮಾಡುವಾಗ ಹೇಗೂ ಆ ಸಂಖ್ಯೆಯನ್ನೇ ಜೋಡಿಸುತ್ತಾರೆ. ಒಂದು ಕಂಪನಿಯ ಬಾಕ್ಸ್ ಇನ್ನೊಂದಕ್ಕೂ ಹೊಂದುವಂತಿರಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರ ಏಪ್ರಿಲ್‌ನಲ್ಲೇ ಶಿಫಾರಸು ಮಾಡಿತ್ತು. ಕಂಪನಿ ಬದಲಿಸಿದವರ ಅಟ್ಟದ ಮೇಲೆ ಹಳೆಯ ಬಾಕ್ಸುಗಳು ಇವತ್ತಿಗೂ ಪೇರುತ್ತಲೇ ಇವೆ.

ಇಷ್ಟಾದರೂ ಬೀಗವೇ ಬೇಡ ಎಂಬ ವಾದ ನಮ್ಮದಲ್ಲ. ಎರಡು ದಿನಕ್ಕೆಂದು ಬಾಡಿಗೆ ಕೊಟ್ಟವನು ಎರಡು ದಿನದ ಮೇಲೆ ವಾಪಸು ಕೇಳುವುದು ನ್ಯಾಯವೇ. ನಮ್ಮ ತಕರಾರು ಬಾಡಿಗೆಗೆ ‘ಖರೀದಿ’ ಎಂದು ಹೆಸರಿಡುವುದರ ಮೇಲೆ.

ಇ-ಪುಸ್ತಕದ ಪುಟದಲ್ಲಿ ‘ಕೊಳ್ಳಿ’ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದವನಿಗೆ ಸಿಗುವುದು ಓದುವ ಪರವಾನಗಿ, ಅದೂ ಕಂಪನಿ ನಡೆಯುವವರೆಗೆ. ಮೈಕ್ರೊಸಾಫ್ಟ್ 2019ರ ಏಪ್ರಿಲ್‌ನಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ಜುಲೈನಲ್ಲಿ ಜನರು ಕೊಂಡ ಪುಸ್ತಕಗಳೆಲ್ಲ ತೆರೆಯದಾದವು. ಹಣ ಮರಳಿಸಿದರು ನಿಜ. ಪುಟದ ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರ್ ಕೊಟ್ಟರು. ದುಡ್ಡಿರುವ ಕಂಪನಿಯಾದ್ದರಿಂದ ಅಷ್ಟಾದರೂ ಆಯಿತು, ಸಣ್ಣ ಕಂಪನಿ ಮುಚ್ಚಿದರೆ ಯಾರ ಬಾಗಿಲು ತಟ್ಟುವುದು? ಅಮೆಜಾನ್ 2025ರ ಫೆಬ್ರುವರಿ 26ರಿಂದ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ತಂತಿಯಲ್ಲಿ ಸಾಗಿಸುವ ದಾರಿ ನಿಲ್ಲಿಸಿತು. ಪೇಟೆಯಲ್ಲಿ ಇಳಿಸಿಕೊಂಡು ಊರಿಗೆ ಹೋಗಿ ಸಾಧನಕ್ಕೆ ತುಂಬುವ, ವೈಫೈ ಇಲ್ಲದ ಮನೆಯವರಿಗೆ ಇದ್ದ ಅನುಕೂಲ ಅದು.

ಕ್ಯಾಲಿಫೋರ್ನಿಯಾ ರಾಜ್ಯ ಈ ಗುಂಡಿಯ ಬಗ್ಗೆಯೇ ಕಾನೂನು ಮಾಡಿದೆ, 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಮಾರುತ್ತಿರುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲ. ಶಾಶ್ವತವಾಗಿ ಇಳಿಸಿಕೊಂಡು ನೆಟ್ ಇಲ್ಲದೆ ಬಳಸಬಹುದಾದ ಸರಕಿಗೆ ಈ ನಿರ್ಬಂಧ ಇಲ್ಲ. ನಮ್ಮಲ್ಲಿ ಹೊಸ ಕಾನೂನೂ ಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇ-ಕಾಮರ್ಸ್‌ನ ವ್ಯಾಖ್ಯೆಯಲ್ಲೇ ಡಿಜಿಟಲ್ ಉತ್ಪನ್ನಗಳನ್ನು ಸೇರಿಸಿದೆ. 2023ರ ನವೆಂಬರ್ 30ರಂದು ನಿಮ್ಮ ಪ್ರಾಧಿಕಾರವೇ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸದ ವಿನ್ಯಾಸಗಳಿವೆ. ಒಂದು ಫಲ ಸಿಗುತ್ತದೆಂದು ತೋರಿಸಿ ಬೇರೊಂದನ್ನು ಕೈಗಿಡುವುದು ಅದರಲ್ಲೊಂದು. ‘ಕೊಳ್ಳಿ’ ಒತ್ತಿಸಿ ಪರವಾನಗಿ ಕೊಡುವುದು ಅದೇ ಅಲ್ಲದೆ ಮತ್ತೇನು ಎಂಬುದಕ್ಕೆ ನಿಮ್ಮಿಂದ ಲಿಖಿತ ಉತ್ತರ ಬೇಕು.

ಕಾನೂನಿನ ಇನ್ನೊಂದು ಮುಖ ನಮ್ಮ ಅಂಗಡಿಗಳಿಗೇ ಸಂಬಂಧಿಸಿದ್ದು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ‘ಉದ್ದೇಶದಿಂದ’ ಎಂಬ ಮಾತು ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಮುರಿದರೆ ಅದು ಅಪರಾಧವಲ್ಲ. ಇನ್ನೊಬ್ಬರಿಗಾಗಿ ಮುರಿದುಕೊಡುವವರು ಆ ವ್ಯಕ್ತಿಯ ಹೆಸರು, ವಿಳಾಸ, ವಿವರ, ಉದ್ದೇಶ ಎಲ್ಲವನ್ನೂ ದಾಖಲಿಸಿಡಬೇಕು ಎಂದೂ ಅದೇ ಕಲಮು ಹೇಳುತ್ತದೆ. ಓದಲು ಕಷ್ಟವಿರುವ ಅಂಗವಿಕಲರಿಗಾಗಿ ಕೃತಿಯನ್ನು ಬೇರೆ ರೂಪಕ್ಕೆ ತರುವುದನ್ನು 52ನೇ ಕಲಮು ಒಪ್ಪುತ್ತದೆ. ಇದೇ ವಿಷಯದ ಮರಾಕೇಶ್ ಒಪ್ಪಂದಕ್ಕೆ 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದನೆ ಕೊಟ್ಟದ್ದು ಭಾರತ.

ಕಾಗದದ ಮೇಲೆ ಚೆನ್ನಾಗಿದೆ. ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ದುಡ್ಡು ಕೊಟ್ಟು ಕನ್ನಡ ಇ-ಪುಸ್ತಕ ತಂದ ಎನ್ನಿ. ಆ್ಯಪ್ ಪುಟವನ್ನು ಚಿತ್ರದಂತೆ ತೋರಿಸುತ್ತಿದ್ದರೆ ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್‌ಗೆ ಓದಲು ಅಕ್ಷರವೇ ಸಿಗುವುದಿಲ್ಲ, ಅದು ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತದೆ. ಬೀಗ ತೆಗೆದು ಯೂನಿಕೋಡ್ ಪಠ್ಯ ಮಾಡಿಕೊಡುವುದು ಕಾನೂನುಬದ್ಧ ಕೆಲಸ. ಆದರೆ ಯಾವ ನಮೂನೆಯಲ್ಲಿ ದಾಖಲೆ ಇಡಬೇಕು, ಪೊಲೀಸರು ಬಂದರೆ ಯಾವ ಕಾಗದ ತೋರಿಸಬೇಕು ಎಂದು ಸರಳವಾಗಿ ಹೇಳುವ ಒಂದು ಪುಟ ಕನ್ನಡದಲ್ಲಿಲ್ಲ. ಜೈಲಿನ ಮಾತು ಎಲ್ಲರಿಗೂ ಗೊತ್ತು, ವಿನಾಯಿತಿಯ ಮಾತು ಯಾರಿಗೂ ಗೊತ್ತಿಲ್ಲ. ಹಾಗಾಗಿ ಅಂಗಡಿಯವರು ‘ಆಗಲ್ಲ ಮಾರಾಯ’ ಎಂದು ವಾಪಸು ಕಳಿಸುತ್ತಾರೆ.

ನಾವು ಕೇಳುವುದು ಇಷ್ಟು. ದುಡ್ಡು ಕಟ್ಟುವ ಪುಟದಲ್ಲೇ, ಕನ್ನಡದಲ್ಲೂ, ನಾಲ್ಕು ಸಂಗತಿ ಕಾಣಬೇಕು: ಇಳಿಸಿದ್ದು ನೆಟ್ ಇಲ್ಲದೆ ಎಷ್ಟು ದಿನ ಓಡುತ್ತದೆ, ಪ್ಲೇ ಒತ್ತಿದ ಮೇಲೆ ಎಷ್ಟು ಗಂಟೆ, ಈಗ ಕೈಯಲ್ಲಿರುವ ಇದೇ ಸಾಧನದಲ್ಲಿ ಯಾವ ಗುಣಮಟ್ಟ ಸಿಗುತ್ತದೆ, ಸೇವೆ ಮುಚ್ಚಿದರೆ ಹಣದ ಗತಿ ಏನು. ಮೂರನೆಯದನ್ನು ಹೇಳಲು ಕಂಪನಿಗೆ ಕಷ್ಟವೇ ಇಲ್ಲ, ಫೋನು ಎಲ್-1ರದೋ ಎಲ್-3ರದೋ ಎಂದು ಆ್ಯಪ್‌ಗೆ ಗೊತ್ತಿರುತ್ತದೆ. ಗೊತ್ತಿದ್ದೂ ಎಚ್‌ಡಿ ಪ್ಯಾಕ್ ಮಾರುವುದನ್ನು ನಾವು ತಪ್ಪು ಎನ್ನುತ್ತೇವೆ. ಎರಡನೆಯ ಬೇಡಿಕೆ, ಚಂದಾ ಚಾಲ್ತಿಯಲ್ಲಿರುವವರ ಲೈಸೆನ್ಸನ್ನು ಫೋನಿಗೆ ಸಿಗ್ನಲ್ ಸಿಕ್ಕಾಗಲೆಲ್ಲ ಆ್ಯಪ್ ಹಿಂದಿನಿಂದಲೇ ನವೀಕರಿಸಿಕೊಳ್ಳಲಿ. ಗಡುವು ಮುಗಿದ ಮೇಲೆ ಗ್ರಾಹಕ ತೆರೆದಾಗ ಎಚ್ಚರವಾಗುವುದಲ್ಲ. ಸಂತೆಗೆ ಹೋದ ಅರ್ಧ ಗಂಟೆಯಲ್ಲಿ ಕೆಲವು ಕೆಬಿ ಬಂದು ಕೂತರೆ ಆ ಮನೆಯ ಒಂದು ಮಳೆ ನಕ್ಷತ್ರ ಕಳೆಯುತ್ತದೆ. ಡಿಟಿಎಚ್ ರೆಕಾರ್ಡಿಂಗ್ ಗ್ರಾಹಕ ಸಂಖ್ಯೆಯ ಜೊತೆ ಹೊಸ ಬಾಕ್ಸಿಗೆ ದಾಟಬೇಕೆಂಬುದನ್ನು ಟ್ರಾಯ್‌ಗೂ, 65ಎ ದಾಖಲೆಯ ಸರಳ ನಮೂನೆಯನ್ನು ಕೃತಿಸ್ವಾಮ್ಯ ನೋಡಿಕೊಳ್ಳುವ ಇಲಾಖೆಗೂ ನೀವು ಬರೆಯಬೇಕು.

ಓದುವ ಗ್ರಾಹಕರಿಗೂ ಎರಡು ಮಾತು. ತಪ್ಪು ಸಂದೇಶ ಬಂದ ಕೂಡಲೇ ದಿನಾಂಕ–ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಹಣ ಕಟ್ಟಿದ ರಸೀದಿ, ಡೌನ್‌ಲೋಡ್ ಪುಟದ ಗಡುವು, ಸೆಕ್ಯುರಿಟಿ ಲೆವೆಲ್ ಪುಟ ಇವನ್ನೂ ಇಟ್ಟುಕೊಳ್ಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯೊಳಗೆ ದೂರು ತಲುಪಿದ್ದಕ್ಕೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅದೂ ಆಗದಿದ್ದರೆ ಇ-ಜಾಗೃತಿ ಪೋರ್ಟಲ್ ಮೂಲಕ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕಂಪನಿ ಮುಂಬೈಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಆಯುಕ್ತರೇ, ನಮ್ಮ ಮಾತು ನಂಬಬೇಕೆಂದಿಲ್ಲ, ನಿಮ್ಮ ಕಚೇರಿಯಲ್ಲೇ ಪರೀಕ್ಷೆ ಮಾಡಬಹುದು. 48 ಗಂಟೆಯ ಮಿತಿ ಇರುವ ಸಿನಿಮಾವೊಂದನ್ನು ದುಡ್ಡು ಕೊಟ್ಟು ಫೋನಿಗೆ ಇಳಿಸಿಕೊಳ್ಳಿ. ಐದು ನಿಮಿಷ ನೋಡಿ ನಿಲ್ಲಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಮೇಜಿನ ಖಾನೆಯಲ್ಲಿಡಿ. ಮೂರನೆಯ ದಿನ ಸಂಜೆ, ಮೋಡ್ ತೆಗೆಯದೆ, ಆರನೆಯ ನಿಮಿಷದಿಂದ ಮುಂದೆ ನೋಡಲು ಕೂತುಕೊಳ್ಳಿ.

ಇತಿ,
ಶಿವಮೊಗ್ಗ ಜಿಲ್ಲೆಯ ಮೊಬೈಲ್, ಟಿವಿ, ಡಿಟಿಎಚ್ ರಿಪೇರಿ ಕೆಲಸದ ಕೆಲವರು